ಇದೊಂದಿದ್ದರೆ ಸಾಕು

ಸೆಪ್ಟೆಂಬರ್ 25, ಸೋಮವಾರ. ಬೆಳಿಗ್ಗೆ 11.10

ಮೂರನೆಯ ಬೆಂಕಿಪೊಟ್ಟಣ ಬಕೆಟ್ಟಿನಲ್ಲಿದೆ. ಇನ್ನೂ ಹನ್ನೆರಡು ನಿಮಿಷ ನೆನೆಯಬೇಕು. ಅಷ್ಟರಲ್ಲಿ ಇಷ್ಟು ಬರೆಯುತ್ತೇನೆ.

ಚಿಕ್ಕಪ್ಪನ ಅಂಗಡಿಯ ಹಿತ್ತಿಲು. ಎದುರಿಗೆ ಬಕೆಟ್, ಟೇಬಲ್ ಫ್ಯಾನ್, ತಳಕ್ಕೆ ತೂತು ಕೊರೆದ ಎಣ್ಣೆ ಡಬ್ಬ. ಡಬ್ಬಕ್ಕೆ ನೀರು ಸುರಿದರೆ ಮಳೆ. ಫ್ಯಾನ್ ಹಾಕಿದರೆ ಬಿರುಗಾಳಿ. ಎಂಟು ಬಗೆಯ ಬೆಂಕಿಪೊಟ್ಟಣ ಸಾಲಾಗಿ ಕೂತಿವೆ, ಪರೀಕ್ಷೆಗೆ ಬಂದ ಮಕ್ಕಳ ಹಾಗೆ.

ಬೆಟ್ಟ ಹತ್ತುವವರಿಗೆ ಹಗ್ಗ, ಡೇರೆ, ಬೂಟು, ಸ್ಟೌ ಮಾರುವ ಅಂಗಡಿ ಇದು. ಈ ಸಲದ ಕೆಟಲಾಗಿನಲ್ಲಿ ಬೆಂಕಿಕಡ್ಡಿಗೇ ಒಂದು ಪುಟ ಬೇಕಂತೆ. ಗಾಳಿಮಳೆಯಲ್ಲಿ ಯಾವುದನ್ನು ನಂಬಬಹುದು? ಒಂದೇ ಹೆಸರು ಹೇಳಬೇಕು.

"ಎಂಟನ್ನೂ ಹೊಗಳೋ ಹಾಗಿದ್ರೆ ನಿನ್ನ ಯಾಕೆ ಕರೀತಿದ್ದೆ? ಅದನ್ನ ಕಂಪನಿಯೋರೇ ಬರ್ಕೊಡ್ತಾರೆ," ಅಂದರು ಚಿಕ್ಕಪ್ಪ.

ಸಾಹಿತ್ಯದಲ್ಲಿ ಎಂ.ಎ. ಮುಗಿದು ಒಂದು ವರ್ಷವಾಯಿತು. ಎರಡು ಇಂಟರ್‌ವ್ಯೂಗಳಲ್ಲಿ ಬಾಯೇ ಬಿಡಲಿಲ್ಲ. ಮೂರನೆಯದಕ್ಕೆ ಹೋಗಲೇ ಇಲ್ಲ. ಇಲ್ಲಿ ಬಾಯಿ ಬಿಡಬೇಕಾಗಿಲ್ಲ — ಸಾಮಾನಿಗೆ ಚೀಟಿ ಬರೆದು ಅಂಟಿಸಿದರೆ ಆಯಿತು. ಗಿರಾಕಿ ಬಂದರೆ ಹಗ್ಗದ ಶೆಲ್ಫಿನ ಹಿಂದೆ ಸರಿದುಕೊಳ್ಳುತ್ತೇನೆ. ಅಲ್ಲೊಂದು ಸ್ಟೂಲೂ ಇದೆ.

ಮಧ್ಯಾಹ್ನ 2.30

ಇಲ್ಲಿಯವರೆಗಿನ ಫಲಿತಾಂಶ.

ಅಡುಗೆಮನೆಯ ಪೊಟ್ಟಣ: ಒಣಗಿದ್ದಾಗ ಶೂರ. ನೆನೆದರೆ ಮದ್ದು ಕೆಸರಾಗಿ ಬೆರಳಿಗೇ ಅಂಟುತ್ತದೆ. ಕಾಗದದ ಕಡ್ಡಿ: ಗೀರುವ ಮೊದಲೇ ಬಾಗುತ್ತದೆ (ಇಂಟರ್‌ವ್ಯೂ ನೆನಪಾಯಿತು). ಮೇಣ ಅದ್ದಿದ್ದು: ನೀರಿಗೆ ಹೆದರುವುದಿಲ್ಲ, ಫ್ಯಾನಿಗೆ ಹೆದರುತ್ತದೆ.

ಒಂದು ತೊಡಕು. ನೆನೆದ ಪೊಟ್ಟಣದ ಮಗ್ಗುಲಿನ ಗೀರುವ ಪಟ್ಟಿಯೂ ಕಿತ್ತು ಬರುತ್ತದೆ. ಹೀಗಾದರೆ ಸೋತದ್ದು ಕಡ್ಡಿಯೋ ಪಟ್ಟಿಯೋ ತಿಳಿಯುವುದಿಲ್ಲ. ಅದಕ್ಕೆ ಒಂದು ಒಣ ಪಟ್ಟಿ ಕತ್ತರಿಸಿ ಹಲಗೆಗೆ ಅಂಟಿಸಿಕೊಂಡೆ. ಇನ್ನು ಎಲ್ಲ ಕಡ್ಡಿಗಳನ್ನೂ ಹಲಗೆಯ ಮೇಲೇ ಗೀರುವುದು. ಎಲ್ಲರಿಗೂ ಒಂದೇ ನ್ಯಾಯ.

ಚಿಕ್ಕಮ್ಮ ಊಟದ ಡಬ್ಬಿ ತಂದರು. ಮಸಿ ಮೆತ್ತಿದ ನನ್ನ ಕೈ ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತರು.

"ನಮ್ಮನೇಲಿ ಬೆಂಕಿ ಹಚ್ಚೋದಕ್ಕೆ ನಿಮ್ಮತ್ತೆ ಒಬ್ಬಳು ಸಾಲದೆ ಹೋಗಿತ್ತಾ? ಈಗ ಎಂ.ಎ. ಮೇಡಮ್ಮೂ ಅಭ್ಯಾಸ ಮಾಡ್ತಿದ್ದಾರೆ."

ಒಳಗಿನಿಂದ ಚಿಕ್ಕಪ್ಪ: "ಕೇಳಿಸ್ತು."

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಸೆಪ್ಟೆಂಬರ್ 28, ಗುರುವಾರ. ರಾತ್ರಿ 8

ಗೆದ್ದದ್ದು ಏಳನೆಯದು. ಬೆರಳುದ್ದದ ಕಡ್ಡಿ, ಅರ್ಧದವರೆಗೂ ಮದ್ದು ಮೆತ್ತಿದೆ. ಫ್ಯಾನ್ ಮೂರರಲ್ಲಿಟ್ಟೆ — ಉರಿಯಿತು. ಡಬ್ಬದ ಮಳೆ ಸುರಿದೆ — ಉರಿಯಿತು. ಉರಿಯುತ್ತಿದ್ದುದನ್ನು ಬಕೆಟ್ಟಿಗೆ ಅದ್ದಿ ತೆಗೆದೆ. ಸತ್ತಿತು ಅಂದುಕೊಂಡೆ. ಕೆಮ್ಮಿ, ಹೊಗೆಯಾಡಿ, ಮತ್ತೆ ಹೊತ್ತಿಕೊಂಡಿತು. ಒಬ್ಬಳೇ ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು.

ಆದರೆ ಅದರ ಪೊಟ್ಟಣ ಬರೀ ರಟ್ಟು. ಬ್ಯಾಗಿನಲ್ಲಿ ಒಂದು ಮಳೆ ಬಂದರೆ ಮುಗಿಯಿತು. ಗೋದಾಮಿನಲ್ಲಿ ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳಿದ್ದವು, ಯಾವಾಗಲೋ ತರಿಸಿ ಹಾಗೇ ಬಿಟ್ಟಂಥವು. ಹನ್ನೆರಡು ತೊಳೆದು ಒಣಗಿಸಿದೆ. ಒಂದೊಂದಕ್ಕೆ ಇಪ್ಪತ್ತೈದು ಕಡ್ಡಿ, ಅಲುಗಾಡದಂತೆ ಹತ್ತಿ. ಮುಚ್ಚಳದ ಸುತ್ತ ಟೇಪು. ಖಾಲಿ ಪೊಟ್ಟಣಗಳ ಮೇಲಿನ ಚಿತ್ರ ಚೆನ್ನಾಗಿದೆ, ಲಾಂದ್ರ ಹಿಡಿದ ಕರಡಿ. ಬಿಸಾಡಲು ಮನಸ್ಸಾಗದೆ ಬಿಚ್ಚಿ ಚಪ್ಪಟೆ ಮಾಡಿ ಈ ಡೈರಿಗೆ ಪುಟದ ಗುರುತು ಮಾಡಿಕೊಂಡಿದ್ದೇನೆ.

ಚೀಟಿ:

ನೆನೆದರೂ ಹೊತ್ತುತ್ತದೆ.
ಗಾಳಿಗೂ ನಿಲ್ಲುತ್ತದೆ.
ಹದಿನಾಲ್ಕು ಎಣಿಸುವವರೆಗೆ ಉರಿಯುತ್ತದೆ.
ಇದೊಂದಿದ್ದರೆ ಸಾಕು.

ಮೊದಲ ಮೂರು ಪರೀಕ್ಷೆಯಿಂದ ಬಂದವು. ನಾಲ್ಕನೆಯದು ಲಯಕ್ಕೆ ಬೇಕಿತ್ತು.

ಚಿಕ್ಕಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚೆನ್ನಾಗಿ ಬರ್ದಿದ್ದೀಯ ಕಣಮ್ಮ," ಅಂದರು. ನಲವತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವವರು. ಯಾರನ್ನೂ ಸುಮ್ಮನೆ ಹೊಗಳುವವರಲ್ಲ. ಮನೆಗೆ ನಡೆದೇ ಹೋದೆ, ಬಸ್ಸು ಸಿಕ್ಕಿದ್ದರೂ.

ಅಕ್ಟೋಬರ್ 4, ಬುಧವಾರ. ಸಂಜೆ

ಡಬ್ಬಿಗಳು ಇಂದು ಶೆಲ್ಫಿಗೆ ಬಂದವು. ಮೊದಲನೆಯದು ಹನ್ನೊಂದು ಗಂಟೆಗೇ ಹೋಯಿತು. ಕೊಂಡವರು ಅಳತೆ ಮೇಡಂ.

ಹೆಸರು ಚಿಕ್ಕಪ್ಪ ಇಟ್ಟದ್ದು. ಐವತ್ತು ದಾಟಿದ ಹೆಂಗಸು, ಸಣ್ಣ ದೇಹ, ಬೆನ್ನಿಗೆ ತನ್ನಷ್ಟೇ ದೊಡ್ಡ ಚೀಲ. ತಿಂಗಳಿಗೊಮ್ಮೆ ಒಬ್ಬರೇ ಬೆಟ್ಟ ಹತ್ತಿ, ಮೇಲಿನ ಹೊಳೆಯಲ್ಲಿ ನೆಟ್ಟಿರುವ ಅಳತೆಗಂಬದಲ್ಲಿ ನೀರು ಎಷ್ಟಿದೆ ಎಂದು ಬರೆದುಕೊಂಡು ಬರುವುದು ಅವರ ಕೆಲಸ. ಮೂರು ರಾತ್ರಿ, ಬಾಗಿಲಿಲ್ಲದ ಒಂದು ಕಲ್ಲಿನ ಕೋಣೆಯಲ್ಲಿ. ನಮ್ಮ ಗಿರಾಕಿಗಳಲ್ಲಿ ಚೀಟಿಗಳನ್ನು ಪೂರ್ತಿ ಓದುವವರು ಅವರೊಬ್ಬರೇ. ತುಟಿ ಅಲ್ಲಾಡಿಸುತ್ತಾ ಓದುತ್ತಾರೆ.

ಲೈಟರ್ ಕಳೆದ ತಿಂಗಳು ಚಳಿಗೆ ಕೈಕೊಟ್ಟಿತಂತೆ. ಸಿಟ್ಟಿನಲ್ಲಿ ಎಸೆದರಂತೆ. ಕೈಯಲ್ಲಿ ಆಗಲೇ ಎರಡು ಅಡುಗೆಮನೆಯ ಪೊಟ್ಟಣ ಹಿಡಿದಿದ್ದರು. ನನ್ನ ಚೀಟಿ ಓದಿದರು. ಇನ್ನೊಮ್ಮೆ ಓದಿದರು. ಆ ಎರಡನ್ನೂ ಶೆಲ್ಫಿನಲ್ಲಿ ವಾಪಸಿಟ್ಟು ಡಬ್ಬಿ ತೆಗೆದುಕೊಂಡರು. ಹಗ್ಗಗಳ ಸಂದಿಯಿಂದ ನೋಡುತ್ತಿದ್ದೆ.

"ಇದನ್ನ ಬರ್ದೋರು ಯಾರು?" ಎಂದು ಚಿಕ್ಕಪ್ಪನನ್ನು ಕೇಳಿದರು.

"ನಮ್ಮಣ್ಣನ ಮಗಳು. ಇಲ್ಲೇ ಇದ್ದಾಳೆ. ಹಗ್ಗದ ಹಿಂದೆ."

"ಹಗ್ಗದ ಹಿಂದೆ ಏನ್ ಮಾಡ್ತಾಳೆ?"

"ಅದೇ, ಇರ್ತಾಳೆ."

ಅವರು ಹಗ್ಗಗಳ ಕಡೆ ತಿರುಗಿ, ಯಾರೂ ಕಾಣದಿದ್ದರೂ, "ಚೆನ್ನಾಗಿದೆ ಕಣಮ್ಮ. ಓದಿದ್ರೆ ಧೈರ್ಯ ಬರುತ್ತೆ," ಅಂದರು. ಥ್ಯಾಂಕ್ಸ್ ಎನ್ನಬೇಕಿತ್ತು. ಸ್ಟೂಲಿನ ಮೇಲೆ ಇನ್ನಷ್ಟು ಕುಗ್ಗಿ ಕೂತೆ.

ನಾಳೆ ಬೆಳಿಗ್ಗೆ ಹತ್ತುತ್ತಾರೆ. ಇಳಿಯುವುದು ಭಾನುವಾರ. ನನ್ನ ಒಂದು ಸಾಲು ಒಬ್ಬರ ಕೈಯಲ್ಲಿದ್ದುದನ್ನು ಬದಲಾಯಿಸಿತು. ಐದು ವರ್ಷ ಓದಿದ್ದಕ್ಕೆ ಇದೇ ಮೊದಲ ಸಲ…

ಅಕ್ಟೋಬರ್ 6, ಶುಕ್ರವಾರ. ಮಧ್ಯಾಹ್ನ 3.15

ನಿನ್ನೆಯಿಂದ ಬಿಡದ ಮಳೆ. ಬೆಟ್ಟ ಕಾಣುತ್ತಲೇ ಇಲ್ಲ. ರೇಡಿಯೋದಲ್ಲಿ ಮೇಲ್ಗಡೆ ಗಾಳಿ ಜೋರು, ಚಳಿ ಹೆಚ್ಚು ಎಂದರು. ಅಂಗಡಿಯಲ್ಲಿ ರೇನ್‌ಕೋಟು ಕೇಳುವವರ ಗುಂಪು. ಹಿತ್ತಿಲಿಗೆ ಬಂದು ಕೂತೆ. ಕೆಟಲಾಗಿನ ಪುಟ ಮುಗಿಸೋಣವೆಂದು ಡೈರಿ ತೆಗೆದರೆ ಕರಡಿ ಚಿತ್ರದ ರಟ್ಟು ಪುಟಕ್ಕೆ ಕಂದು ಬಣ್ಣ ಹತ್ತಿಸಿದೆ. ಬೆರಳಿನಿಂದ ಉಜ್ಜಿದೆ. ಒರಟು. ಮರಳು ಕಾಗದದ ಹಾಗೆ. ಇದು

ಪಟ್ಟಿ. ಇದು ಗೀರುವ ಪಟ್ಟಿ.

ಡಬ್ಬಿಯೊಳಗೆ ಪಟ್ಟಿ ಹಾಕಿಲ್ಲ

ಅದೇ ದಿನ, ಸಂಜೆ 5.40

ಶೆಲ್ಫಿನಲ್ಲಿ ಉಳಿದ ಹನ್ನೊಂದರಲ್ಲಿ ಒಂದು ಡಬ್ಬಿ ಬಿಚ್ಚಿದೆ. ಕಲ್ಲಿಗೆ ಗೀರಿದೆ. ಇಟ್ಟಿಗೆಗೆ, ಬೂಟಿನ ಅಟ್ಟೆಗೆ, ಕಬ್ಬಿಣದ ಗೂಟಕ್ಕೆ, ಹೆಂಚಿಗೆ. ಹನ್ನೊಂದು ಕಡ್ಡಿ. ಒಂದೂ ಹೊತ್ತಲಿಲ್ಲ. ಮದ್ದು ಪುಡಿಯಾಗಿ ಉದುರಿತು, ಅಷ್ಟೇ. ಹನ್ನೆರಡನೆಯದನ್ನು ಹಲಗೆಯ ಪಟ್ಟಿಗೆ ಗೀರಿದೆ. ಒಂದೇ ಏಟಿಗೆ ಭಗ್ಗೆಂದಿತು.

ಈ ಜಾತಿಯ ಕಡ್ಡಿಗೆ ಗೀರುವ ಪಟ್ಟಿಯೇ ಬೇಕು. ಮೂರು ದಿನ ಹಲಗೆಯ ಮೇಲೇ ಗೀರಿದೆನಲ್ಲ, ಪಟ್ಟಿಯೊಂದು ಬೇರೆ ಇದೆಯೆಂಬುದೇ ಮರೆತಿತ್ತು. ಹಲಗೆ ಇಲ್ಲಿದೆ. ಪಟ್ಟಿಗಳು ಈ ಡೈರಿಯಲ್ಲಿವೆ. ಕಡ್ಡಿಗಳು ಬೆಟ್ಟದ ಮೇಲಿವೆ, ಅಳತೆ ಮೇಡಂ ಹತ್ತಿರ. ಡಬ್ಬಿಗೆ ಟೇಪು ಸುತ್ತಿದ್ದರಿಂದ ಇಲ್ಲಿ ಯಾರೂ ಬಿಚ್ಚಿ ನೋಡಲಿಲ್ಲ. ಸುತ್ತಿದವಳೂ ನಾನೇ.

ಸ್ಟೌ ಇದೆ ಅವರ ಹತ್ತಿರ. ಅದಕ್ಕೂ ಕಡ್ಡಿ ಬೇಕು.

ಒಳಗೆ ಹೋದೆ. ಚಿಕ್ಕಪ್ಪ ಯಾರಿಗೋ ಬೂಟು ತೊಡಿಸುತ್ತಾ ಮಂಡಿಯೂರಿದ್ದರು. ಹತ್ತಿರ ಹೋಗಿ ನಿಂತೆ.

"ಏನಮ್ಮ?"

"ಏನಿಲ್ಲ."

ಏನಿಲ್ಲ ಅಂದೆ. ಬಾಯಿಂದ ಅದೇ ಬಂತು.

ಬೇರೆ ಕಡ್ಡಿ ಇಟ್ಟುಕೊಂಡಿರುತ್ತಾರೆ. ವರ್ಷಗಟ್ಟಲೆ ಬೆಟ್ಟ ಹತ್ತುವವರು, ಇಷ್ಟು ತಿಳಿಯುವುದಿಲ್ಲವೇ. ಅಥವಾ ಮಳೆ ನೋಡಿ ಇಳಿದೇಬಿಟ್ಟಿರುತ್ತಾರೆ. ಮನೆಯಲ್ಲಿ ಬೆಚ್ಚಗೆ ಕೂತಿರುತ್ತಾರೆ. ಸುಮ್ಮನೆ ಗಾಬರಿಪಟ್ಟು ಎಲ್ಲರೆದುರು ನಗೆಪಾಟಲಾಗುವುದು ಬೇಡ. ನಾಳೆ, ಅಂಗಡಿ ಖಾಲಿಯಿರುವಾಗ.

ಆ ಎರಡು ಅಡುಗೆಮನೆಯ ಪೊಟ್ಟಣ ಅವರು ಇಟ್ಟಲ್ಲೇ ಇವೆ. ಒಂದು ಸ್ವಲ್ಪ ವಾರೆಯಾಗಿ. ಈಗ ನೋಡಿ ಬಂದೆ.

ಅಕ್ಟೋಬರ್ 7, ಶನಿವಾರ. ಬೆಳಿಗ್ಗೆ 10.50, ವ್ಯಾನಿನಲ್ಲಿ

ರಸ್ತೆ ಕೆಟ್ಟಿದೆ, ಅಕ್ಷರ ಸೊಟ್ಟಗಾಗುತ್ತಿದೆ. ಮಳೆ ನಿಂತಿಲ್ಲ.

ಬೆಳಿಗ್ಗೆ ಬಾಯಿ ಬರಲಿಲ್ಲ. ಚೀಟಿಯ ಕಾಗದದ ಮೇಲೇ ಬರೆದು, ಚಿಕ್ಕಪ್ಪನ ಚಹಾ ಲೋಟದ ಪಕ್ಕ ಇಟ್ಟೆ. ಓದಿದರು. ಕನ್ನಡಕ ತೆಗೆದರು.

"ಬಾಯಲ್ಲಿ ಹೇಳು."

ಹೇಳಿದೆ.

"ಯಾವಾಗ ಗೊತ್ತಾಯ್ತು?"

"ನಿನ್ನೆ… ಮಧ್ಯಾಹ್ನ."

ಕನ್ನಡಕ ಮತ್ತೆ ಹಾಕಿಕೊಂಡರು. ಬೆಟ್ಟದ ಬುಡದ ಗೇಟಿನ ಕಾವಲುಗಾರರಿಗೆ ಫೋನ್ ಮಾಡಿದರು. ಲೈನೇ ಸತ್ತಿತ್ತು. ಎದ್ದು ಶಟರ್ ಎಳೆದರು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಎದುರಿನ ಟೈಲರ್ "ಯಾರಿಗೇನಾಯ್ತು?" ಎಂದು ಕೇಳುತ್ತಾ ಬೀದಿಗೇ ಇಳಿದ.

ಅರ್ಧ ದಾರಿ ಬಂದಿದ್ದೆವು. ಚಿಕ್ಕಪ್ಪ, ರಸ್ತೆ ನೋಡುತ್ತಲೇ:

"ಪಟ್ಟಿ ಮರೆತಿದ್ದು ನಿಂದೊಬ್ಬಳದೇ ಅಲ್ಲ. ಇಷ್ಟು ವರ್ಷದಿಂದ ಕಡ್ಡಿ ಮಾರ್ತಿದ್ದೀನಿ. ಒಂದ್ಸಲ ಮುಚ್ಚಳ ತೆಗೆದು ನೋಡ್ಬೇಕಿತ್ತು. ನೋಡ್ಲಿಲ್ಲ. ಆದ್ರೆ ನಿನ್ನೆ ಮಧ್ಯಾಹ್ನದಿಂದ ಇವತ್ತು ಬೆಳಿಗ್ಗೆವರೆಗೂ… ಅದು ನಿಂದು."

"ಹೂಂ."

"ಅಳಬೇಡ. ಅತ್ತರೆ ನನಗೆ ಗೇರ್ ಹಾಕೋಕಾಗಲ್ಲ."

ಮೇಡಂ ಮನೆಗೆ ಇಳಿದಿಲ್ಲ. ದಾರಿಯಲ್ಲಿ ಅವರ ಮನೆಯ ಮುಂದೆ ನಿಲ್ಲಿಸಿದ್ದೆವು. ಬೀಗ. ಬಾಗಿಲಲ್ಲಿ ಮೂರು ದಿನದ ಪೇಪರ್, ನೆನೆದು ಮುದ್ದೆ.

ಚಿಕ್ಕಪ್ಪನ ಮಂಡಿ ಹತ್ತುವುದಕ್ಕೆ ಬಾರದು. ಗೇಟಿನವರ ಜೊತೆ ನಾನು ಹೋಗಬೇಕು. ಪುಟದ ಗುರುತಿನ ಕರಡಿ ರಟ್ಟುಗಳು ಮೂರಿವೆ, ಪಟ್ಟಿ ಸಮೇತ, ಡೈರಿಯೊಳಗೆ. ಹತ್ತುವಾಗ ಡೈರಿ ಎರಡು ಪ್ಲಾಸ್ಟಿಕ್ ಕವರಿನೊಳಗೆ. ಶರ್ಟಿನ ಒಳಗೆ. ಎರಡು ಅಡುಗೆಮನೆಯ ಪೊಟ್ಟಣವನ್ನೂ ಜೇಬಿಗೆ ಹಾಕಿಕೊಂಡೆ, ಅವೇ ಎರಡು.

ಗೇಟು ಬಂತು.

ಅಕ್ಟೋಬರ್ 8, ಭಾನುವಾರ. ಬೆಳಿಗ್ಗೆ 7.05. ಕಲ್ಲಿನ ಕೋಣೆ

ಮೇಡಂ ಮಲಗಿದ್ದಾರೆ. ಉಸಿರು ಸಮನಾಗಿದೆ. ಹತ್ತು ಸಲ ನೋಡಿದೆ.

ನಿನ್ನೆಯದನ್ನು ಬರೆದಿಡಬೇಕು.

ಗೇಟಿನವರು ಉದ್ದಕ್ಕಿರುವ ಮನುಷ್ಯ, ಮಾತು ಅದಕ್ಕಿಂತ ಉದ್ದ. ಹತ್ತುತ್ತಾ ದಾರಿಯುದ್ದಕ್ಕೂ ತಮ್ಮ ಲೈಟರಿನ ಗುಣಗಾನ ಮಾಡಿದರು. "ಎಂಥಾ ಮಳೆಗೂ ಜಗ್ಗಲ್ಲ ಇದು. ನಮ್ಮ ಭಾವ ಕೊಟ್ಟಿದ್ದು. ಭಾವ ಜಗ್ಗಿದ್ರೂ ಇದು ಜಗ್ಗಲ್ಲ." ಮೂರು ಗಂಟೆ ನಡಿಗೆ. ಎರಡು ಸಲ ಬಿದ್ದೆ. ಅವರು ಎತ್ತಿ ನಿಲ್ಲಿಸಿ ಮಾತು ಮುಂದುವರಿಸಿದರು.

ಕೋಣೆಗೆ ಮೂರು ಗೋಡೆ ಇದೆ ಎನ್ನಬೇಕು. ನಾಲ್ಕನೆಯ ಕಡೆಯಿಂದ ಗಾಳಿ ಮಳೆಯನ್ನು ಒಳಗೇ ತಂದು ಸುರಿಯುತ್ತಿತ್ತು. ಮೂಲೆಯಲ್ಲಿ ಒದ್ದೆಯಾದ ಮಲಗುವ ಚೀಲದೊಳಗೆ ಮೇಡಂ. ತುಟಿ ಬೂದಿ ಬಣ್ಣ. ನಡುಕ ಕೂಡ ನಿಂತುಹೋಗಿತ್ತು. ಗೇಟಿನವರು ಅಲ್ಲಿಯವರೆಗೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟರು. ಆಗ ನನಗೆ ನಿಜವಾಗಿ ಭಯವಾಯಿತು.

ಅವರ ಪಕ್ಕದಲ್ಲೇ ಒಲೆ. ಗುರುವಾರ ಸಂಜೆಯೇ ಜೋಡಿಸಿದ್ದಂತೆ. ತೊಗಟೆಯ ಎಳೆ, ಮೇಲೆ ಬೆರಳಿನಷ್ಟು ಪುಳ್ಳೆ, ಅದರ ಮೇಲೆ ಕಟ್ಟಿಗೆ. ನೆನೆಯದಂತೆ ತಮ್ಮ ರೇನ್‌ಕೋಟನ್ನು ಅದಕ್ಕೆ ಹೊದಿಸಿದ್ದರು, ತಮಗಲ್ಲ. ಪಕ್ಕದಲ್ಲಿ ನನ್ನ ಡಬ್ಬಿ. ನನ್ನ ಚೀಟಿ. ಅದರ ಮುಂದೆ ತಲೆ ಸವೆದ ಕಡ್ಡಿಗಳ ಸಾಲು, ಹದಿನೆಂಟು. ಕಲ್ಲಿಗೆ, ಚಾಕುವಿಗೆ, ಚೀಲದ ಜಿಪ್ಪಿಗೆ ಉಜ್ಜಿದವು.

ಕಣ್ಣು ತೆರೆದರು. ನಾನು ಯಾರೆಂದು ತಿಳಿಯಲಿಲ್ಲ. ಡಬ್ಬಿಯ ಕಡೆ ಬೆರಳು ಮಾಡಿ, "ಏಳು ಉಳಿಸಿದ್ದೀನಿ. ಯಾರಾದ್ರೂ ಬಂದ್ರೆ ಅಂತ," ಅಂದರು. ನಾಲಗೆ ತೊದಲುತ್ತಿತ್ತು.

ಗೇಟಿನವರ ಲೈಟರ್ ಕಿಡಿ ಬಿಟ್ಟಿತು. ಕಿಡಿ ಬಿಟ್ಟಿತು, ಅಷ್ಟೇ. ಜೇಬಿನ ಅಡುಗೆಮನೆಯ ಪೊಟ್ಟಣಗಳು ಹತ್ತುವಾಗಲೇ ಕೆಸರು. ಗೇಟಿನವರು ರೇನ್‌ಕೋಟು ಬಿಚ್ಚಿ ಎರಡೂ ಕೈಯಲ್ಲಿ ಅಗಲಿಸಿ ಗಾಳಿಗೆ ಅಡ್ಡ ನಿಂತರು. ನಾನು ಕವರ್ ಬಿಚ್ಚಿದೆ.

ಮೊದಲ ಪಟ್ಟಿಗೆ ನನ್ನ ತೋಳಿನ ನೀರು ಬಿದ್ದು ಹಾಳಾಯಿತು. ಎರಡನೆಯದರ ಮೇಲೆ ಗೀರಿದೆ. ಕಡ್ಡಿ ಮುರಿಯಿತು. ಇನ್ನೊಂದು. ಬೆರಳು ಮರಗಟ್ಟಿತ್ತು, ಜಾರಿ ಕಲ್ಲಿನ ಸಂದಿಗೆ ಬಿತ್ತು. ಮೂರನೆಯ ಕಡ್ಡಿಯನ್ನು ಗೇಟಿನವರು ತಡೆದರು. "ಕೈನ ಮೊದಲು ಕಂಕುಳಲ್ಲಿ ಇಟ್ಕೊಳ್ಳಮ್ಮ. ನೂರು ಎಣಿಸು." ಎಣಿಸಿದೆ. ಆಮೇಲೆ ಗೀರಿದೆ. ಹೊತ್ತಿತು.

ಹದಿನಾಲ್ಕು ಎಣಿಸುವವರೆಗೆ ಉರಿಯುತ್ತದೆ ಎಂದು ಬರೆದಿದ್ದೆ. ಒಂಬತ್ತಕ್ಕೆ ತೊಗಟೆ ಹಿಡಿಯಿತು.

ಮೇಡಂ ಅವರ ಒದ್ದೆ ಬಟ್ಟೆ ಬಿಚ್ಚಿಸಿ ನನ್ನ ಸ್ವೆಟರ್ ತೊಡಿಸಿದೆ. ನೀರು ಕಾಯಿಸಿ ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಮತ್ತೆ ನಡುಗಲು ಶುರುಮಾಡಿದರು. ನಡುಗುವುದು ಒಳ್ಳೆಯದು ಎಂದರು ಗೇಟಿನವರು. ನಡೆಸಿಕೊಂಡು ಇಳಿಯುವ ಸ್ಥಿತಿಯಿರಲಿಲ್ಲ. ಬೆಳಕಿರುವಾಗಲೇ ಗೇಟಿನವರು ಇಳಿದರು. ಬೆಳಿಗ್ಗೆ ಒಂಬತ್ತರೊಳಗೆ ಸ್ಟ್ರೆಚರ್, ನಾಲ್ಕು ಜನ ತರುತ್ತೇನೆ ಎಂದಿದ್ದಾರೆ. ಹೋಗುವಾಗ ಲೈಟರನ್ನು ಒಮ್ಮೆ ದಿಟ್ಟಿಸಿ, "ಭಾವನ ತರಾನೇ," ಅಂದು ಜೇಬಿಗೆ ಹಾಕಿಕೊಂಡರು.

ಕತ್ತಲಾಗುವ ಹೊತ್ತಿಗೆ ಮೇಡಂ ಎದ್ದು ಒರಗಿ ಕೂತರು. ಹೇಳಿಬಿಟ್ಟೆ. ಚೀಟಿ ಬರೆದವಳು ನಾನು. ಪಟ್ಟಿ ಹಾಕದವಳು ನಾನು. ಶುಕ್ರವಾರ ಮಧ್ಯಾಹ್ನವೇ ಗೊತ್ತಾಗಿತ್ತು. ಹೇಳಲು ಬಾಯಿ ಬರಲಿಲ್ಲ. ಬೆಳಿಗ್ಗೆಯವರೆಗೆ ಸುಮ್ಮನಿದ್ದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ, ಬೆಂಕಿಯನ್ನು ನೋಡುತ್ತಾ.

ಅವರು ಒಲೆಗೆ ಒಂದು ಪುಳ್ಳೆ ತಳ್ಳಿದರು.

"ನಿನ್ನೆ ರಾತ್ರಿ ಮೊನ್ನೆಗಿಂತ ಚಳಿ ಜಾಸ್ತಿ ಇತ್ತು," ಅಂದರು.

ಪರವಾಗಿಲ್ಲ ಎನ್ನಲಿಲ್ಲ. ಎನ್ನದಿದ್ದುದೇ ಸರಿ. ಆಮೇಲೆ ಲೋಟ ಮುಂದೆ ಚಾಚಿದರು. "ಇನ್ನೊಂದಿಷ್ಟು ಹಾಕು."

ಲೋಟ ತುಂಬಿಸಿ ಕೊಟ್ಟು ನಾನೇ ಕೇಳಿದೆ: "ಶುಕ್ರವಾರವೇ ಇಳಿದುಬಿಡಬಹುದಿತ್ತಲ್ಲ, ಮೇಡಂ?"

"ನೀರು ಏರ್ತಾ ಇರೋವಾಗ ಇಳಿದುಹೋದ್ರೆ ನಾನು ಬಂದಿದ್ದು ಯಾಕೆ? ಕೆಳಗಿನ ಊರೋರು ನನ್ನ ಲೆಕ್ಕ ನಂಬ್ಕೊಂಡು ಮಲಗ್ತಾರೆ." ನಕ್ಕರು, ಹಲ್ಲು ಕಟಕಟಿಸಿತು. "ನಾನು ನಿನ್ನ ಚೀಟಿ ನಂಬ್ಕೊಂಡು ಮಲಗಿದ ಹಾಗೆ."

ಇಂದು ಬೆಳಕು ಹರಿದ ಕೂಡಲೇ ಏಳಲು ನೋಡಿದರು. ಕಾಲು ನಿಲ್ಲಲಿಲ್ಲ. ಆರೂವರೆಯ ಅಳತೆ ತಪ್ಪಬಾರದಂತೆ. ನಾನು ಹೋದೆ. ಹೊಳೆ ಹತ್ತೇ ಮಾರು, ಆದರೆ ಅದರ ಸದ್ದಿಗೆ ಬೇರೇನೂ ಕೇಳಿಸುವುದಿಲ್ಲ. ಕಂಬದಲ್ಲಿ ಕೆಂಪು ಕಪ್ಪು ಗೆರೆಗಳು. ನೋಡಿ ಬಂದೆ.

"ಸುಮಾರು ಒಂದೂ ನಲವತ್ತು, ಮೇಡಂ."

"ಸುಮಾರು ಅಂದ್ರೆ ಎಷ್ಟು?"

"ಅಂದ್ರೆ… ಅಲೆ ಏಳ್ತಿತ್ತು…"

"ಅಲೆ ಏಳುತ್ತೆ, ಹೊಳೆ ಅಲ್ವಾ. ಮತ್ತೆ ಹೋಗಿ ನೋಡ್ಕೊಂಡು ಬಾ. ನೋಡಿದ್ದನ್ನಷ್ಟೇ ಹೇಳು."

ಮತ್ತೆ ಹೋದೆ. ಮಂಡಿಯೂರಿ, ಅಲೆ ಏರಿದಾಗೊಮ್ಮೆ ಇಳಿದಾಗೊಮ್ಮೆ, ಐದು ಸಲ ನೋಡಿದೆ. ಒಂದು ಮೀಟರ್ ಮೂವತ್ತಾರು. ಅವರ ಪುಸ್ತಕದಲ್ಲಿ ನನ್ನ ಕೈಯಲ್ಲೇ ಬರೆಸಿದರು. ಬರೆದದ್ದನ್ನು ತುಟಿ ಅಲ್ಲಾಡಿಸುತ್ತಾ ಓದಿದರು. ಹೂಂ ಎಂದು ಮಲಗಿದರು.

7.40

ಮಳೆ ಸಣ್ಣಗಾಗಿದೆ. ಗಾಳಿ ಹಾಗೇ ಇದೆ.

ಹಳೆಯ ಚೀಟಿಯನ್ನು ಡಬ್ಬಿಯಿಂದ ಕಿತ್ತು ಇಲ್ಲಿ ಇಟ್ಟುಕೊಂಡಿದ್ದೇನೆ. ಮೂರನೆಯ ಪಟ್ಟಿ ಇನ್ನೂ ಒಣಗಿದೆ, ಅದು ಡಬ್ಬಿಯೊಳಗೆ ಹೋಯಿತು. ಅಂಗಡಿಯ ಡಬ್ಬಿಗಳಿಗೆ ಹೊಸ ಚೀಟಿ ಹೀಗಿರಲಿ:

ಈ ಕಡ್ಡಿ ಗೀರುವ ಪಟ್ಟಿಯ ಮೇಲೆ ಮಾತ್ರ ಹೊತ್ತುತ್ತದೆ. ಕಲ್ಲಿಗೆ ಗೀರಿದರೆ ಹೊತ್ತುವುದಿಲ್ಲ. ಡಬ್ಬಿಯೊಳಗೆ ಎರಡು ಪಟ್ಟಿ ಇವೆ. ಹೊರಡುವ ಮೊದಲು ಬಿಚ್ಚಿ ನೋಡಿ. ಒಂದು ಕಡ್ಡಿ ಮನೆಯಲ್ಲೇ ಗೀರಿ ನೋಡಿ. ಗೀರುವ ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳಿ. ಬೇರೆ ಬಗೆಯ ಇನ್ನೊಂದು ಪೊಟ್ಟಣವೂ ಜೊತೆಗಿರಲಿ, ಬೇರೆ ಜೇಬಿನಲ್ಲಿ.

ಲಯವಿಲ್ಲ. ಚೀಟಿಯಲ್ಲಿ ಹಿಡಿಸುವುದೂ ಇಲ್ಲ, ದೊಡ್ಡ ಕಾಗದ ಕೇಳಬೇಕು. ಕೊನೆಗೆ ಇನ್ನೊಂದು ಸಾಲು ಬೇಕೆನಿಸುತ್ತದೆ, ಏನೆಂದರೆ

ಮೇಡಂ ನಿದ್ದೆಯಲ್ಲೇ ನಡುಗಿದರು. ಬೆಂಕಿ ಇಳಿದಿದೆ. ಪುಳ್ಳೆ ಮೊದಲು, ಆಮೇಲೆ ದಪ್ಪ